ಟ್ಯಾಬ್ ಬೇಡ ಎಂದು ನಾನು ಯಾವಾಗ ಹೇಳಿದೆ?

ಹೇಳಿಲ್ಲ. ಎಲ್ಲಿಯೂ ಹೇಳಿಲ್ಲ. ಕರೆಂಟಿನ ಪ್ಯಾನೆಲ್ ಬೋರ್ಡಿನ ಚಿಲಕಕ್ಕೆ ಬೇಕಾದ ಸ್ಟೀಲ್ ನಾಲಗೆಗಳನ್ನು ನಾನು ಒಂದು ಲೇಸರ್ ಕಟಿಂಗ್ ಕಾರ್ಖಾನೆಯಲ್ಲಿ ಕತ್ತರಿಸಿಸುತ್ತೇನೆ. ಟ್ಯಾಬ್ ಎಂದರೆ ತುಂಡು ಶೀಟಿನಿಂದ ಉದುರದಂತೆ ಅಂಚಿನಲ್ಲಿ ಕತ್ತರಿಸದೆ ಬಿಡುವ ಸಣ್ಣ ಕೊಂಡಿ. ಡ್ರಾಯಿಂಗ್ ಮೇಲೆ ಕೆಂಪು ಶಾಯಿಯಲ್ಲಿ ಬಾಣದ ಗುರುತು ಹಾಕಿ, ‘ಟ್ಯಾಬ್ ಇಲ್ಲಿ ಮಾತ್ರ, 0.3 ಮಿ.ಮೀ.’ ಎಂದು ಬರೆದುಕೊಟ್ಟಿದ್ದೇನೆ. ಆ ಹಾಳೆಯ ಮೇಲೆ ಟೀ ಲೋಟ ಇಟ್ಟ ಗುರುತೂ ಇದೆ. ಅಂದರೆ ಹಾಳೆ ಅವರ ಮೇಜಿನ ಮೇಲೆಯೇ ಬಿದ್ದಿತ್ತು. ಆದರೂ ಇವತ್ತು ಅಷ್ಟು ಜನರ ಎದುರಿಗೆ ಆ ಸೂಪರ್‌ವೈಸರ್, “ಟ್ಯಾಬ್ ಬೇಡ ಎಂದವರು ನೀವೇ ಅಲ್ಲವೇ ಮೇಡಂ?” ಎಂದು ಕೇಳಿದ. ಕೇಳಿ ನಕ್ಕ.

ಮೈಯೆಲ್ಲ ಉರಿಯುತ್ತಿದೆ. ಎಲ್ಲಾದರೂ ಕಕ್ಕದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹಿಂದಿನ ಸಲ ನಾಲಗೆಯ ಮೂತಿಯ ಮೇಲೆಯೇ ಟ್ಯಾಬ್ ಕೊಟ್ಟಿದ್ದರು. ಪ್ಯಾನೆಲ್ ಬೋರ್ಡಿನ ಬಾಗಿಲು ಹಾಕಿದಾಗಲೆಲ್ಲ ಚಿಲಕದ ನಾಲಗೆ ಆ ಮೂತಿಯಿಂದಲೇ ಫ್ರೇಮಿನ ಮೇಲೆ ಜಾರಬೇಕು. ಟ್ಯಾಬ್ ಮುರಿದ ಜಾಗದಲ್ಲಿ ಒಂದು ಚೂರು ಮೊನೆ ಉಳಿದೇ ಉಳಿಯುತ್ತದೆ, ಅದು ಫ್ರೇಮಿನ ಪೌಡರ್ ಕೋಟಿಂಗ್ ಬಣ್ಣವನ್ನು ಕೆರೆದುಹಾಕುತ್ತದೆ. ಮಾಲು ವಾಪಸ್ ಬಂತು. ಶೆಡ್ಡಿನಲ್ಲಿ ಕುಳಿತು ಒಂದೊಂದನ್ನೂ ಅರದಿಂದ ಉಜ್ಜಿ ಮತ್ತೆ ಕಳಿಸಿದೆವು. ಆಮೇಲೆ ನಾನು ಹೋಗಿ ಕೇಳಿಕೊಂಡದ್ದು ಇಷ್ಟೇ: ಟ್ಯಾಬನ್ನು ಹಿಂಬದಿಯ ನೇರ ಅಂಚಿಗೆ ಹಾಕಿ, ಅಲ್ಲಿ ಮೊನೆ ಉಳಿದರೂ ಯಾರಿಗೂ ತೊಂದರೆಯಿಲ್ಲ. ಅದಕ್ಕೆ ಅವರು ಟ್ಯಾಬನ್ನೇ ಕಿತ್ತುಹಾಕಿದ್ದಾರೆ. ಒಂದು ಫೋನ್ ಇಲ್ಲ, ಒಂದು ಮೆಸೇಜ್ ಇಲ್ಲ.

28 ಮಿ.ಮೀ. ಉದ್ದ, 11 ಮಿ.ಮೀ. ಅಗಲದ ತುಂಡು ಅದು. ಒಂದೂವರೆ ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್. ಲೇಸರ್ ಸುತ್ತಲೂ ಪೂರ್ತಿ ಕತ್ತರಿಸಿಬಿಟ್ಟರೆ ಅದನ್ನು ಹಿಡಿದುಕೊಳ್ಳಲು ಏನಿದೆ? ಸ್ಟೇನ್‌ಲೆಸ್‌ಗೆ ನೈಟ್ರೋಜನ್ನನ್ನು ಹತ್ತು ಬಾರ್‌ಗೂ ಮೇಲಿನ ಒತ್ತಡದಲ್ಲಿ ಊದುತ್ತಾರೆ. ಆ ರಭಸಕ್ಕೆ ಕೆಲವು ಶೀಟಿನ ಕೆಳಗಿನ ಪಟ್ಟಿಗಳ ಸಂದಿನಿಂದ ಟ್ರೇಗೆ ಬೀಳುತ್ತವೆ. ಕೆಲವು ಪಟ್ಟಿಯ ಹಲ್ಲಿನ ಮೇಲೆ ಕುಳಿತು ಒಂದು ಕಡೆ ಮೇಲೆದ್ದು ನಿಲ್ಲುತ್ತವೆ, ಹಿಂದಿನಿಂದ ಬರುವ ಲೇಸರ್ ಹೆಡ್ಡಿನ ನಾಝಲ್ ಅವಕ್ಕೆ ಬಡಿಯುತ್ತದೆ, ತುಂಡು ಸೊಟ್ಟಗಾಗುತ್ತದೆ, ಹೆಡ್ಡಿನ ಸೆರಾಮಿಕ್ ರಿಂಗ್ ಒಡೆಯುತ್ತದೆ. ಇದು ನನಗೆ ಗೊತ್ತಿದೆ ಎಂದ ಮೇಲೆ ದಿನವಿಡೀ ಆ ಯಂತ್ರದ ಮುಂದೆ ಕೂರುವವರಿಗೆ ಗೊತ್ತಿಲ್ಲವೇ? ಕಾಯಿಗೆ ತೊಟ್ಟಿದ್ದ ಹಾಗೆ ತುಂಡಿಗೆ ಟ್ಯಾಬ್ ಇರಬೇಕು, ಕೈಯಲ್ಲಿ ಮುರಿಯುವವರೆಗೂ ಅದು ಶೀಟನ್ನು ಬಿಡಬಾರದು.

ಸರಿ, ಮಾಲು ತೆಗೆದುಕೊಳ್ಳಲು ಹೋದೆ. ಡಬ್ಬದಲ್ಲಿ ಇರುತ್ತದೆ, ಅಥವಾ ಶೀಟಿಗೇ ಅಂಟಿಕೊಂಡಿರುತ್ತದೆ, ನಾವೇ ಮುರಿದುಕೊಳ್ಳೋಣ ಎಂದುಕೊಂಡಿದ್ದೆ. ಒಬ್ಬ ಹುಡುಗ ಗೋಣಿಚೀಲ ಎಳೆದುಕೊಂಡು ಬಂದ. ಸೂಪರ್‌ವೈಸರ್ ಸನ್ನೆ ಮಾಡಿದ. ಹುಡುಗ ಚೀಲವನ್ನು ನೆಲದ ಮೇಲೆ ಸುರಿದ. ಗೇಟಿನ ಪಕ್ಕ, ಲೋಡಿಂಗ್ ಮಾಡುವ ಜಾಗದಲ್ಲಿ. ಟ್ರೇಯಲ್ಲಿ ಇದ್ದದ್ದೆಲ್ಲ ಅದರಲ್ಲಿ ಇತ್ತು: ಯಾರದೋ ಎಂ.ಎಸ್. (ಸಾದಾ ಕಬ್ಬಿಣದ) ಬಿಲ್ಲೆಗಳು, ಕರಗಿ ಗಟ್ಟಿಯಾದ ಉಂಡೆಗಳು, ಕೆಂಪು ತುಕ್ಕಿನ ಧೂಳು, ಅದರ ನಡುವೆ ಅಲ್ಲೊಂದು ಇಲ್ಲೊಂದು ನನ್ನ ನಾಲಗೆ.

“ಎಲ್ಲವೂ ಅದರಲ್ಲೇ ಇವೆ ಮೇಡಂ, ಆರಿಸಿಕೊಳ್ಳಿ” ಎಂದ.

ನಾನು ಡ್ರಾಯಿಂಗ್ ತೋರಿಸಿದೆ. ಟ್ಯಾಬ್ ಎಲ್ಲಿ ಎಂದು ಕೇಳಿದೆ. ಆಗ ಬಂದದ್ದು ಆ ಮಾತು, “ಟ್ಯಾಬ್ ಬೇಡ ಎಂದವರು ನೀವೇ ಅಲ್ಲವೇ?” ಬೀಡಿ ಸೇದುತ್ತಿದ್ದ ಟೆಂಪೋ ಡ್ರೈವರ್‌ಗಳು ತಿರುಗಿ ನೋಡಿದರು. ಬಿಲ್ ಮಾಡಿಸಲು ನಿಂತಿದ್ದ ಇಬ್ಬರು ನನ್ನನ್ನೂ ನೆಲವನ್ನೂ ನೋಡಿದರು. ನಾನು ಜಗಳವಾಡಬೇಕಿತ್ತು. ಆಡಲಿಲ್ಲ, ಏಕೆಂದರೆ ಸಂಜೆಯೊಳಗೆ ಮಾಲು ತಲುಪಬೇಕಿತ್ತು. ಕುಕ್ಕರುಗಾಲಿನಲ್ಲಿ ಕುಳಿತು ಆರಿಸತೊಡಗಿದೆ. ಕತ್ತರಿಸಿದ ಅಂಚಿನ ಮೊನೆ ಚುಚ್ಚಿ ಬೆರಳಿನಿಂದ ರಕ್ತ ಬಂತು, ಸೆರಗಿಗೆ ಒರೆಸಿಕೊಂಡೆ. ತಲೆಯ ಮೇಲಿಂದ ಸೂಪರ್‌ವೈಸರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: “ಈ ಚಿಲ್ಲರೆ ಪಾರ್ಟಿಗಳದ್ದೇ ತಲೆನೋವು.” ನಾನು ಅಲ್ಲೇ ಕುಳಿತಿದ್ದೇನೆ, ನನಗೆ ಕೇಳಿಸುತ್ತದೆ ಎಂಬ ಸಂಕೋಚವೂ ಇಲ್ಲ.

ಚೀಲ ಸುರಿದ ಆ ಹುಡುಗನೇ ಹತ್ತಿರ ಬಂದು, “ಅಕ್ಕಾ, ಮ್ಯಾಗ್ನೆಟ್ ತರಲೇ?” ಎಂದ. ತಂದು ಗುಡ್ಡೆಯ ಮೇಲೆ ಆಡಿಸಿದ. ಎಂ.ಎಸ್. ಚೂರುಗಳೆಲ್ಲ ಮ್ಯಾಗ್ನೆಟ್‌ಗೆ ಅಂಟಿಕೊಂಡು ಹೋದವು, ನನ್ನ 304 ದರ್ಜೆಯ ಸ್ಟೇನ್‌ಲೆಸ್ ಹಾಗೆಯೇ ಕೆಳಗೆ ಉಳಿಯಿತು. ಇಡೀ ಕಾರ್ಖಾನೆಯಲ್ಲಿ ಬುದ್ಧಿ ಓಡಿಸಿದವನು ಅವನೊಬ್ಬನೇ. ಅವನು ಇರದಿದ್ದರೆ ಕತ್ತಲಾಗುವವರೆಗೂ ನಾನು ಅಲ್ಲಿಯೇ ಕೂತಿರುತ್ತಿದ್ದೆ.

ಇಷ್ಟಾದರೂ ಲೆಕ್ಕ ಹೊಂದಲಿಲ್ಲ. ಸಿಕ್ಕಿದವುಗಳಲ್ಲಿಯೂ ಎಷ್ಟೋ ಸೊಟ್ಟ, ಎಷ್ಟಕ್ಕೋ ಮೇಲಿನಿಂದ ಬಿದ್ದ ಕರಗಿದ ಲೋಹದ ಹನಿ ಅಂಟಿದೆ. ಬಿಲ್ಲಿನಲ್ಲಿ ಮಾತ್ರ ಎಲ್ಲ ತುಂಡುಗಳಿಗೂ ಕತ್ತರಿಸಿದ ಉದ್ದದ ಮೀಟರ್ ಲೆಕ್ಕ, ಎಲ್ಲ ತೂತುಗಳಿಗೂ ಪಿಯರ್ಸಿಂಗ್, ಅಂದರೆ ಲೇಸರ್ ಶೀಟನ್ನು ಮೊದಲು ಚುಚ್ಚುವ ಲೆಕ್ಕ ಹಾಕಿದ್ದಾರೆ. ಇನ್ನೊಂದು ಇದೆ, ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸ್ಟೇನ್‌ಲೆಸ್ ಮೇಲೆ ಕಬ್ಬಿಣದ ಧೂಳು ಕೂತರೆ ತೇವ ತಾಗಿದ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಆಗ ನಮ್ಮ ಪಾರ್ಟಿ, ಇದು 304 ಅಲ್ಲ, ಕಳಪೆ ಶೀಟ್ ಹಾಕಿದ್ದೀರಿ ಎನ್ನುತ್ತಾರೆ. ನಾನು ಯಾವ ಟ್ರೇಯ ಕಥೆ ಹೇಳಲಿ ಅವರಿಗೆ?

ಯಾರಾದರೂ ಉತ್ತರ ಕೊಡಿ. ಲೇಸರ್ ಪ್ರೋಗ್ರಾಂ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಹೇಳಿ, ಒಂದು ಟ್ಯಾಬ್ ಹಾಕಲು ನಿಮಗೆ ಏನು ಕಷ್ಟ? ಲೇಸರ್ ಯಂತ್ರದ ಸಾಫ್ಟ್‌ವೇರ್ ಸಿಪ್‌ಕಟ್‌ನಲ್ಲಿ ಇದಕ್ಕೆಂದೇ ಮೈಕ್ರೋ ಜಾಯಿಂಟ್ ಎಂಬ ಆಯ್ಕೆ ಇದೆ. ಅಳತೆ ಕೊಟ್ಟು ಗೆರೆಯ ಮೇಲೆ ಬೇಕಾದ ಕಡೆ ಒತ್ತಿದರೆ ಆಯಿತು. ಅದೂ ಬೇಡ, ಕಟಿಂಗ್ ಶುರುವಾದ ಬಿಂದುವನ್ನು ಮತ್ತೆ ಮುಟ್ಟುವ ಮೊದಲು 0.3 ಮಿ.ಮೀ. ಬಿಟ್ಟು ನಿಲ್ಲಿಸಿದರೆ ಅದೇ ಟ್ಯಾಬ್ ಆಗುತ್ತದೆ. ಹೆಚ್ಚಿನ ಪಿಯರ್ಸಿಂಗ್ ಇಲ್ಲ, ಹೆಚ್ಚಿನ ಗ್ಯಾಸ್ ಇಲ್ಲ. ಮುರಿಯುವ ಕೂಲಿಯ ಚಿಂತೆಯೇ? ಮುರಿಯದೆ ಶೀಟ್ ಸಮೇತ ಕೊಡಿ, ನಾವೇ ಮುರಿದುಕೊಳ್ಳುತ್ತೇವೆ! ದಪ್ಪ ಟ್ಯಾಬ್ ಬಿಟ್ಟು ಕಟಿಂಗ್ ಪ್ಲೇಯರ್‌ನಿಂದ ಜಗ್ಗಿಸಬೇಡಿ, ತೀರಾ ಸಣ್ಣದು ಬಿಟ್ಟು ಶೀಟ್ ಎತ್ತುವಾಗಲೇ ಉದುರಿಸಬೇಡಿ. ನನ್ನ ತುಂಡಿನ ಯಾವ ಅಂಚು ಕೆಲಸ ಮಾಡುತ್ತದೆ, ಯಾವ ಅಂಚು ಸುಮ್ಮನೆ ಇರುತ್ತದೆ ಎಂಬುದು ಯಂತ್ರಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದು ನನಗೆ ಗೊತ್ತು. ಆದ್ದರಿಂದಲೇ ಬಾಣ ಹಾಕಿ ಕೊಟ್ಟದ್ದು.

ಇನ್ನು ಆ ಗೇಟಿನೊಳಗೆ ಕಾಲಿಡುವುದಿಲ್ಲ. ಮನೆಯಲ್ಲಿಯೂ ಹಾಗೆಯೇ ಹೇಳಿದ್ದೇನೆ.

ಆದರೆ ಎಲ್ಲಿಗೆ ಹೋಗಲಿ? ಪೀಣ್ಯದಲ್ಲಿ ಲೇಸರ್ ಕಟಿಂಗ್ ಬೋರ್ಡುಗಳಿಗೆ ಬರವಿಲ್ಲ. ದೊಡ್ಡವರ ಬಳಿ ಹೋದರೆ ಎಷ್ಟು ಶೀಟ್ ಎಂದು ಮೊದಲು ಕೇಳುತ್ತಾರೆ. ಕಾಲು ಶೀಟ್ ಎಂದ ಕೂಡಲೇ ನೋಡೋಣ ಎನ್ನುತ್ತಾರೆ, ಆ ನೋಡೋಣಕ್ಕೆ ಕೊನೆಯಿಲ್ಲ. ಇವರು ಚಿಲ್ಲರೆ ಎಂದು ಬೈದರೂ ಕೆಲಸವನ್ನಂತೂ ತೆಗೆದುಕೊಳ್ಳುತ್ತಾರೆ. ಸೋಮವಾರ ಕೊರತೆ ಬಿದ್ದ ತುಂಡುಗಳಿಗಾಗಿ ನಾನು ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ, ಅದು ನನಗೆ ಗೊತ್ತಿದೆ. ಹೋಗುವುದೇ ಆದರೆ ದುಡ್ಡು ಕಡಿತ ಮಾಡಿಸದೆ ಬಿಡುವುದಿಲ್ಲ. ಕಡಿತ ಮಾಡುವುದಿಲ್ಲ ಎಂದರೆ ಅದನ್ನೂ ನುಂಗಿಕೊಳ್ಳಬೇಕೇನೋ. ಇಲ್ಲ, ಈ ಸಲ ನುಂಗುವುದಿಲ್ಲ.

ಪೀಣ್ಯ, ರಾಜಾಜಿನಗರ, ದಾಬಸ್‌ಪೇಟೆ, ಎಲ್ಲಿಯಾದರೂ ಸರಿ: ಎಸ್.ಎಸ್. 304, ಒಂದೂವರೆ ಮಿ.ಮೀ., ಕಾಲು ಶೀಟ್, ಪ್ರತಿ ತುಂಡಿಗೆ ಹಿಂಬದಿಯ ನೇರ ಅಂಚಿನಲ್ಲಿ 0.3 ಮಿ.ಮೀ. ಟ್ಯಾಬ್ ಎರಡು, ಮುರಿಯದೆ ಶೀಟ್ ಸಮೇತ ಬೇಕು. ಮಾಡಿಕೊಡುವವರು ಇದ್ದರೆ ತಿಳಿಸಿ. ಸೋಮವಾರದ ಒಳಗೆ.