ಫ್ರಿಜ್ಜಿನಲ್ಲಿಟ್ಟ ಕಲ್ಲು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಮೊನ್ನೆ ಬೆಳಗಿನ ಜಾವ ಐದು ಗಂಟೆಗೆ ಒಂದು ಸಂದೇಶ ಬಂತು. ಆ ಹೊತ್ತಿನಲ್ಲಿ ಬರುವುದು ಎರಡೇ. ಒಂದೋ ಸಾವಿನ ಸುದ್ದಿ, ಇಲ್ಲವೇ ಆರೋಗ್ಯದ ಗುಟ್ಟು. ಇದು ಎರಡನೆಯದು. ‘ಪಿತ್ತಕೋಶದ ಕಲ್ಲು, ಸೋರಿಯಾಸಿಸ್ ಎರಡಕ್ಕೂ ಒಂದೇ ರಾಮಬಾಣ. ಆಪರೇಷನ್ ಬೇಡ, ಮುಲಾಮು ಬೇಡ. ಡಾಕ್ಟರುಗಳು ಇದನ್ನು ಯಾವತ್ತೂ ಹೇಳುವುದಿಲ್ಲ. ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.’ ಕೆಳಗೆ ಮೂರು ಜೋಡಿ ಮುಗಿದ ಕೈಗಳು, ಒಂದು ಕಮಲ, ಒಂದು ಉದಯಸೂರ್ಯ.

ಒಂದು ಅಂಗ ಯಕೃತ್ತಿನ ಅಡಿಯಲ್ಲಿ ಸಣ್ಣ ಬದನೆಕಾಯಿಯ ಹಾಗೆ ಜೋತುಬಿದ್ದಿರುತ್ತದೆ. ಇನ್ನೊಂದು ರೋಗ ಮೊಣಕೈ, ಮೊಣಕಾಲು, ನೆತ್ತಿಯ ಮೇಲೆ ಹಪ್ಪಳಿಕೆ ಏಳಿಸುತ್ತದೆ. ಇವೆರಡಕ್ಕೂ ಏನು ಬೀಗತನ ಎಂದು ನಾನು ಗುಂಪಿನಲ್ಲೇ ಕೇಳಿದೆ. ಉತ್ತರ ತಕ್ಷಣ ಬಂತು: ಪಿತ್ತ. ಅದು ನೆತ್ತಿಗೇರಿದರೆ ಕೋಪ, ಚರ್ಮಕ್ಕಿಳಿದರೆ ಸೋರಿಯಾಸಿಸ್, ಇದ್ದಲ್ಲೇ ಕೂತರೆ ಕಲ್ಲು. ಇಷ್ಟು ಸರಳವಾದ ಸಂಗತಿಗೆ ಐದೂವರೆ ವರ್ಷ ವೈದ್ಯಕೀಯ ಓದುವ ಮಕ್ಕಳನ್ನು ನೆನೆದು ಅಯ್ಯೋ ಅನ್ನಿಸಿತು.

ಆದರೆ ಈ ಜೋಡಿಯನ್ನು ಆರಿಸಿದವನ ಬುದ್ಧಿಗೆ ನಾನು ತಲೆದೂಗುತ್ತೇನೆ. ಅವನು ದಡ್ಡನಲ್ಲ. ಪಿತ್ತಕೋಶದ ಕಲ್ಲುಗಳಲ್ಲಿ ಹೆಚ್ಚಿನವು ಮೌನವ್ರತ ಹಿಡಿದಂಥವು, ಜೀವಮಾನವಿಡೀ ತಂಟೆ ಮಾಡದೆ ತೆಪ್ಪಗಿರುತ್ತವೆ. ಅಂಥ ಕಲ್ಲಿಗೆ ನೀವು ನೆಲ್ಲಿಕಾಯಿ ರಸ ಕೊಡಿ, ಬೋರ್‌ವೆಲ್ ನೀರು ಕೊಡಿ, ನೋವು ಬರುವುದಿಲ್ಲ. ‘ನೋಡಿ, ವಾಸಿಯಾಯಿತು!’ ಸೋರಿಯಾಸಿಸ್ ಇನ್ನೂ ಅನುಕೂಲಸ್ಥ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ತಿಂಗಳಿಗೊಮ್ಮೆ ಮಗ್ಗುಲು ಬದಲಿಸಬೇಕಾದ ಚರ್ಮದ ಕೋಶಗಳು ಮೂರು ನಾಲ್ಕು ದಿನಕ್ಕೇ ಮೇಲೆ ಬಂದು ರಾಶಿ ಬೀಳುವ ಕಾಯಿಲೆ ಅದು. ಅಂಟುರೋಗವಲ್ಲ, ಬುಡಸಮೇತ ಹೋಗುವುದೂ ಇಲ್ಲ. ಆದರೆ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಅನೇಕರಿಗೆ ಚಳಿಗಾಲದಲ್ಲಿ ಉಲ್ಬಣಿಸಿ ಬಿಸಿಲಿಗೆ ತಗ್ಗುತ್ತದೆ. ಸಂಕ್ರಾಂತಿಗೆ ಎಣ್ಣೆ ಕೊಟ್ಟು ಯುಗಾದಿಗೆ ಫಲ ಕೇಳಿದರೆ ಸೂರ್ಯನ ಸಂಬಳವೆಲ್ಲ ಎಣ್ಣೆಯವನ ಜೇಬಿಗೆ. ತೋರಿಸಿಕೊಳ್ಳದ ರೋಗ ಒಂದು, ತಾನೇ ಹೋಗಿ ಬರುವ ರೋಗ ಇನ್ನೊಂದು. ನಾಟಿ ಅಂಗಡಿ ಇಡುವವನಿಗೆ ಇದಕ್ಕಿಂತ ಒಳ್ಳೆಯ ಗಿರಾಕಿಗಳು ಎಲ್ಲಿ ಸಿಗುತ್ತಾರೆ? ಕೈಕಾಲು ಮುರಿದದ್ದಕ್ಕೆ ‘ಐದು ದಿನದ ಜ್ಯೂಸ್ ಚಿಕಿತ್ಸೆ’ ಎಂದು ಯಾರೂ ಕಳಿಸುವುದಿಲ್ಲ, ಗಮನಿಸಿ.

ಇನ್ನು ರಾಮಬಾಣದ ಪಾಕವಿಧಾನ. ಐದು ದಿನ ದಿನಕ್ಕೆ ನಾಲ್ಕು ಲೋಟ ಸೇಬಿನ ರಸ. ಆರನೆಯ ದಿನ ಸಂಜೆ ಎರಡು ಸಲ ಎಪ್ಸಮ್ ಉಪ್ಪು. ರಾತ್ರಿ ಹತ್ತಕ್ಕೆ ಅರ್ಧ ಬಟ್ಟಲು ಆಲಿವ್ ಎಣ್ಣೆಗೆ ನಿಂಬೆರಸ ಹಿಂಡಿ ಗಟಗಟ ಕುಡಿದು ಬಲಮಗ್ಗುಲಿಗೆ ಮಲಗುವುದು. ಬೆಳಿಗ್ಗೆ ಕಲ್ಲುಗಳು ಹಸಿರು ಬಣ್ಣದಲ್ಲಿ ಈಚೆ ಬರುತ್ತವೆ. ಶೀರ್ಷಿಕೆ: ‘ನಮ್ಮ ಋಷಿಮುನಿಗಳ ಪ್ರಾಚೀನ ವಿದ್ಯೆ’. ಹಿಮಾಚಲದ ಸೇಬು, ಮೆಡಿಟರೇನಿಯನ್ ತೀರದ ಎಣ್ಣೆ, ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಹೆಸರು ಹೊತ್ತ ಭೇದಿ ಉಪ್ಪು. ನಮ್ಮ ಋಷಿಗಳು ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರು ಎಂಬುದು ಇದರಿಂದ ಸಿದ್ಧವಾಗುತ್ತದೆ. ಸ್ವದೇಶಿ ಅಂತ ಇರುವುದು ಸೇಬು, ನಿಂಬೆಹಣ್ಣು ಎರಡೇ.

ಬಳ್ಳಾರಿಯಲ್ಲಿರುವ ನಮ್ಮ ಚಿಕ್ಕಪ್ಪ ಎರಡು ವರ್ಷದ ಹಿಂದೆ ಇದನ್ನು ಅಕ್ಷರಶಃ ಪಾಲಿಸಿದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವರು. ಸ್ಕ್ಯಾನಿಂಗಿನಲ್ಲಿ ಎರಡು ಕಲ್ಲು ಕಂಡಿದ್ದವು. ಏಳನೆಯ ದಿನ ಬೆಳಿಗ್ಗೆ ಚಿಕ್ಕಮ್ಮನ ರವೆ ಜರಡಿ ಹಿಡಿದುಕೊಂಡು ಹೋಗಿ (ಆ ಜರಡಿಯ ಮುಂದಿನ ಕಥೆ ಕೇಳಬೇಡಿ) ನಲವತ್ತೇಳು ಕಲ್ಲು ಎಣಿಸಿದರು. ಎರಡಕ್ಕೆ ನಲವತ್ತೇಳು! ಬಳ್ಳಾರಿಯ ಯಾವ ಚಿಟ್ ಫಂಡೂ ಇಷ್ಟು ಬಡ್ಡಿ ಕೊಟ್ಟಿರಲಾರದು. ಹಸಿಬಟಾಣಿಯಷ್ಟು, ಕೆಲವು ಗೋಡಂಬಿಯಷ್ಟು, ಮೇಣದ ಹಾಗೆ ಮೆದು. ತೊಳೆದು, ಸ್ಟೀಲಿನ ಪುಟ್ಟ ಡಬ್ಬಿಯಲ್ಲಿ ಹಾಕಿ, ಫೋಟೋ ತೆಗೆದು ಗುಂಪಿಗೆ ಹಾಕಿದರು. ಹೊಸದಾಗಿ ಹುಟ್ಟಿದ ಮೊಮ್ಮಗನ ಫೋಟೋಗೂ ಅಷ್ಟು ಹೃದಯಗಳು ಬಿದ್ದಿರಲಿಲ್ಲ.

ಒಂದೇ ತೊಡಕು. ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಕು ಎಂದು ಸಂದೇಶದಲ್ಲಿತ್ತು. ಚಿಕ್ಕಪ್ಪ ಮೊಸರಿನ ಪಾತ್ರೆಯ ಪಕ್ಕದಲ್ಲಿಟ್ಟರು. ಏಪ್ರಿಲ್ ತಿಂಗಳು, ಬಳ್ಳಾರಿ, ಎರಡು ದಿನ ಕರೆಂಟ್ ಇರಲಿಲ್ಲ. ಎರಡನೆಯ ಸಂಜೆ ನೋಡಿದರೆ ಡಬ್ಬಿಯಲ್ಲಿ ಕಲ್ಲಿಲ್ಲ. ತಳದಲ್ಲಿ ಒಂದಿಷ್ಟು ಹಸಿರು ಎಣ್ಣೆ ನಿಂತಿತ್ತು.

ದ್ರವನಬಿಂದುವಿನ ಪಾಠ ಮಾಡಿದ ಮೇಷ್ಟ್ರು ಏನು ಹೇಳಬೇಕು? ಫೋನಿನಲ್ಲಿ ಗದ್ಗದಿತರಾಗಿ ಹೇಳಿದರು: ‘ನೋಡಿದೆಯೇನಪ್ಪಾ ಔಷಧದ ಶಕ್ತಿ! ಹೊರಗೆ ಬಂದ ಮೇಲೂ ಕರಗಿಸುತ್ತಲೇ ಇದೆ.’

2005ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಗೆ ನ್ಯೂಜಿಲೆಂಡಿನ ಇಬ್ಬರು ತಜ್ಞರು ಒಂದು ಪತ್ರ ಬರೆದಿದ್ದರು. ನಲವತ್ತು ವರ್ಷದ ಹೆಂಗಸೊಬ್ಬರು ಇದೇ ತರಹದ ಚಿಕಿತ್ಸೆ ಮಾಡಿಕೊಂಡು ಹಸಿರು ಕಲ್ಲುಗಳನ್ನು ತಂದುಕೊಟ್ಟಿದ್ದರು. 600 ಮಿಲಿಲೀಟರ್ ಆಲಿವ್ ಎಣ್ಣೆ, 300 ಮಿಲಿಲೀಟರ್ ನಿಂಬೆರಸ ಕುಡಿದಿದ್ದರಂತೆ. ಪರೀಕ್ಷಿಸಿದರೆ ಕೊಲೆಸ್ಟರಾಲ್ ಇಲ್ಲ, ಪಿತ್ತದ ಬಣ್ಣದ ಬಿಲಿರುಬಿನ್ ಇಲ್ಲ, ಸುಣ್ಣದಂಶವಿಲ್ಲ. 40 ಡಿಗ್ರಿಗೆ ಕಾಯಿಸಿದರೆ ಹತ್ತು ನಿಮಿಷದಲ್ಲಿ ಹಸಿರು ಎಣ್ಣೆ. ಹೊಟ್ಟೆಯ ರಸಗಳು ಎಣ್ಣೆಯನ್ನು ಒಡೆದು, ನಿಂಬೆಯ ಪೊಟ್ಯಾಸಿಯಮ್ ಜೊತೆ ಸೇರಿ ಆದ ಉಂಡೆಗಳು ಅವು. ಕನ್ನಡದಲ್ಲಿ ಇದಕ್ಕೆ ಸಾಬೂನು ಎನ್ನುತ್ತಾರೆ. ಸಾಬೂನು ಮಾಡಲು ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ ಕಾರ್ಖಾನೆಯನ್ನೇ ಕಟ್ಟಬೇಕಾಯಿತು. ನಮ್ಮ ಚಿಕ್ಕಪ್ಪ ಒಂದೇ ರಾತ್ರಿಯಲ್ಲಿ ಒಬ್ಬರೇ ಮಾಡಿದರು, ಗಂಧ ಮಾತ್ರ ಸೇರಿರಲಿಲ್ಲ. ಅಷ್ಟು ಬೇಗ ಕರಗುವ ಕಲ್ಲು ಒಳಗಿನ ಬಿಸಿಗೇ ಕರಗಬಾರದಿತ್ತೇ ಎಂದು ನಾನು ಕೇಳಲಿಲ್ಲ. ಹಿರಿಯರು.

ಕಲ್ಲು ಎಂದಾಗ ನೆನಪಾಯಿತು, ಬಾಳೆದಿಂಡಿಗೂ ಇದೇ ಗತಿ ಬಂದಿದೆ. ‘ಹೊಟ್ಟೆಯಲ್ಲಿ ಕಲ್ಲು, ಕೂದಲು ಏನಿದ್ದರೂ ದಿಂಡು ಕರಗಿಸುತ್ತದೆ’ ಎಂದು ಅಜ್ಜಿ ಹೇಳುತ್ತಿದ್ದರು. ಅದು ವರ್ಷಕ್ಕೊಂದೆರಡು ಬಾರಿ ಮಕ್ಕಳಿಗೆ ದಿಂಡು ತಿನ್ನಿಸುವ ಉಪಾಯ. ಅಜ್ಜಿ ಈಳಿಗೆಮಣೆಯ ಮುಂದೆ ಕೂತು ದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವರು. ಒಂದೊಂದು ಬಿಲ್ಲೆಗೂ ಎಳೆ ಎಳೆಯಾಗಿ ಬರುವ ನಾರನ್ನು ತೋರುಬೆರಳಿಗೆ ಸುತ್ತಿಕೊಳ್ಳುತ್ತ ಹೋಗಿ, ಕೊನೆಗೆ ಬೆರಳಿನ ಮೇಲೆ ಬೆಳ್ಳಿ ಉಂಗುರದಂಥ ಸುರುಳಿ ಆಗುತ್ತಿತ್ತು. ಕಪ್ಪಾಗಬಾರದೆಂದು ನೀರು ಮಜ್ಜಿಗೆಗೆ ಹಾಕಿ, ಹೆಸರುಬೇಳೆ, ತೆಂಗಿನತುರಿ, ನಿಂಬೆಹಣ್ಣು, ಇಂಗಿನ ಒಗ್ಗರಣೆ. ಆ ಕೋಸಂಬರಿಗೆ ಯಾವ ರೋಗದ ನೆಪವೂ ಬೇಕಿರಲಿಲ್ಲ. ಈಗ ಅದೇ ದಿಂಡಿನ ರಸ ಬೆಂಗಳೂರಿನ ಉದ್ಯಾನಗಳ ಗೇಟಿನ ಮುಂದೆ ಫ್ಲಾಸ್ಕಿನಲ್ಲಿ ನಿಂತಿದೆ. ಕುಡಿಯುವವರ ಮುಖದಲ್ಲಿ ತೀರ್ಥಯಾತ್ರೆಯ ಕಳೆ. ಮೂತ್ರಪಿಂಡದ ಕಲ್ಲಿನವರೂ ಅದನ್ನೇ ಕುಡಿಯುತ್ತಾರೆ, ಪಿತ್ತಕೋಶದ ಕಲ್ಲಿನವರೂ ಅದನ್ನೇ. ಎರಡೂ ಬೇರೆ ಬೇರೆ ಕಲ್ಲು, ಬೇರೆ ಬೇರೆ ಕೊಳಾಯಿ ಎಂದರೆ, ‘ಕಲ್ಲು ಕಲ್ಲೇ ತಾನೆ?’ ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ಇವತ್ತು ಬದುಕಿದ್ದರೆ ಆ ಗೇಟಿನ ಮುಂದೆ ಫ್ಲಾಸ್ಕ್ ಹಿಡಿದು ನಿಂತಿರುತ್ತಿದ್ದರು.

ಸರ್ಕಾರ ಕಣ್ಣು ಮುಚ್ಚಿಕೊಂಡಿದೆ ಎಂದು ದೂರಬೇಡಿ. ಕಾನೂನು ಇದೆ, ಅದೂ 1954ರಷ್ಟು ಹಿಂದಿನದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ. ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಲೇಬಾರದ 54 ಕಾಯಿಲೆ, ಕೊರತೆಗಳ ಪಟ್ಟಿ ಅದರಲ್ಲಿದೆ. ಪಿತ್ತಕೋಶದ ಕಲ್ಲು ಇದೆ, ಪ್ಲೇಗ್ ಇದೆ, ಸಿಡುಬು ಇದೆ, ಮನುಷ್ಯನ ಎತ್ತರವೂ ಇದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಅಥವಾ ಎರಡೂ. ಸಿಡುಬು ಭೂಮಿಯಿಂದಲೇ ಮಾಯವಾಗಿ ನಲವತ್ತು ವರ್ಷ ದಾಟಿತು, ಅದರ ಜಾಹೀರಾತಿನ ಮೇಲೆ ಪಟ್ಟಿಯಲ್ಲಿ ನಿಷೇಧ ಇವತ್ತಿಗೂ ಕಟ್ಟುನಿಟ್ಟು. ಪಿತ್ತಕೋಶದ ಕಲ್ಲಿನ ಜಾಹೀರಾತು ಮಾತ್ರ ನಮ್ಮ ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ, ಮೂಲವ್ಯಾಧಿಗೂ ವಶೀಕರಣಕ್ಕೂ ನಡುವೆ ಅಂಟಿಕೊಂಡಿದೆ. ಸೋರಿಯಾಸಿಸ್ ಆ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಗೋಡೆ ಸಾಲದು, ಟಿವಿಯಲ್ಲಿ ಅರ್ಧ ಗಂಟೆಯ ಕಾರ್ಯಕ್ರಮ.

ದಾರಿ ತಪ್ಪಿಸುವ ಜಾಹೀರಾತಿಗಾಗಿ ಪತಂಜಲಿ ಕಂಪನಿ ಕೇಳಿದ ಕ್ಷಮೆಯನ್ನು ನೀವು ಮರೆತಿರಲಾರಿರಿ. 2024ರ ಏಪ್ರಿಲ್, ಸುಪ್ರೀಂ ಕೋರ್ಟು. 67 ಪತ್ರಿಕೆಗಳಲ್ಲಿ ಕ್ಷಮೆ ಕೇಳಿದ್ದೇವೆ ಎಂದಾಗ, ಜಾಹೀರಾತಿನಷ್ಟೇ ದೊಡ್ಡದಾಗಿತ್ತೇ ಎಂದು ನ್ಯಾಯಾಲಯ ವಿಚಾರಿಸಿತು. ಮರುದಿನ ಕ್ಷಮೆ ತುಸು ಉಬ್ಬಿ ಬಂತು. ಪಶ್ಚಾತ್ತಾಪವನ್ನು ಚದರ ಸೆಂಟಿಮೀಟರಿನಲ್ಲಿ ಅಳೆಯುವ ಈ ಪದ್ಧತಿ ನನಗೆ ಬಹಳ ಹಿಡಿಸಿತು. ಮನೆಯಲ್ಲೂ ಜಾರಿಗೆ ತಂದಿದ್ದೇನೆ. ಹಾಲು ಉಕ್ಕಿಸಿದ್ದಕ್ಕೆ ಎರಡು ಕಾಲಂ, ಮದುವೆಯ ವಾರ್ಷಿಕೋತ್ಸವ ಮರೆತದ್ದಕ್ಕೆ ಪೂರ್ಣ ಪುಟ, ಬಣ್ಣದಲ್ಲಿ.

ಆ ಗಲಾಟೆಯ ಮರೆಯಲ್ಲಿ 170ನೆಯ ನಿಯಮ ಎಂಬ ಪ್ರಾಣಿಯ ಕಥೆ ನಡೆಯಿತು. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ಮುಂಚಿತವಾಗಿ ರಾಜ್ಯದ ಒಪ್ಪಿಗೆ ಪಡೆಯಬೇಕೆಂದು 2018ರಲ್ಲಿ ಬಂದದ್ದು. 2023ರ ಆಗಸ್ಟಿನಲ್ಲಿ, ಇದರಡಿ ಕ್ರಮ ಕೈಗೊಳ್ಳಬೇಡಿ ಎಂದು ಕೇಂದ್ರದ ಆಯುಷ್ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಜುಲೈನಲ್ಲಿ ನಿಯಮವನ್ನೇ ತೆಗೆದುಹಾಕಿತು. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತಡೆಯಿತು. 2025ರ ಆಗಸ್ಟಿನಲ್ಲಿ ಪ್ರಕರಣವೇ ಮುಗಿಯಿತು, ತಡೆಯೂ ತೆರವಾಯಿತು. ಎರಡು ವರ್ಷದಲ್ಲಿ ಒಂದು ನಿಯಮ ಕುರುಹಿಲ್ಲದೆ ಕರಗಿಹೋಯಿತು ನೋಡಿ. ಬಾಳೆದಿಂಡಿಗೆ ಆಗದ್ದು.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಇಪ್ಪತ್ತೆರಡು ವರ್ಷ. ಮೊದಲು ನೆತ್ತಿಯಲ್ಲಿ ಬಂತು, ಆಮೇಲೆ ಮೊಣಕೈ. ಮದುವೆಯ ಮಾತಿನ ಹೊತ್ತಲ್ಲಿ ಚರ್ಮದ ಡಾಕ್ಟರ ಮನೆಗೆ ಹೋಗುವುದನ್ನು ಯಾರಾದರೂ ನೋಡಿದರೆ ಎಂದು ಒಬ್ಬ ಪಂಡಿತನ ಬಳಿ ಕರೆದೊಯ್ದರು. ಅವನು ಕೊಟ್ಟದ್ದು ಹಾಲೆ ಮರದ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬಿಸಿಲಿಗಿಟ್ಟ ಎಣ್ಣೆ. ನೇರಳೆ ಬಣ್ಣ. ಎಣ್ಣೆ ಹಚ್ಚಿದರೆ ಹಪ್ಪಳಿಕೆ ಮೆತ್ತಗಾಗುವುದು ನಿಜ, ಅಷ್ಟರಮಟ್ಟಿಗೆ ನನ್ನ ತಕರಾರಿಲ್ಲ. ದಿಂಬು, ದುಪಟ್ಟಾ ಎಲ್ಲಾ ನೇರಳೆ ಆದವು. ಜೊತೆಗೆ ಪಥ್ಯ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೀನು ನಂಜು, ಹುಳಿ ಇಲ್ಲ, ಉಪ್ಪು ಅರ್ಧ. ಆರು ತಿಂಗಳಾದರೂ ಹೋಗದಿದ್ದಾಗ ಒಂದು ಬಿಳಿ ಮುಲಾಮು ಬಂತು, ಹೆಸರಿಲ್ಲದ ಡಬ್ಬಿಯಲ್ಲಿ, ‘ಬರೀ ಗಿಡಮೂಲಿಕೆ’. ಮೂರೇ ದಿನಕ್ಕೆ ಚರ್ಮ ತಿಳಿಯಾಯಿತು. ನಿಲ್ಲಿಸಿದ ವಾರದಲ್ಲಿ ಮೈತುಂಬ ಎದ್ದಿತು. ಆ ಗಿಡಮೂಲಿಕೆಯ ಹೆಸರು ಸ್ಟೀರಾಯ್ಡ್ ಎಂದು ಆಮೇಲೆ ಗೊತ್ತಾಯಿತು.

ಪಂಡಿತ ಕೇಳಿದ ಪ್ರಶ್ನೆ ಒಂದೇ: ‘ಮದುವೆಮನೆಯಲ್ಲಿ ಬದನೆಕಾಯಿ ಗೊಜ್ಜು ತಿಂದೆಯಾ ತಾಯಿ?’

ತಿಂದಿದ್ದಳು. ಒಂದು ಚಮಚ.

ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಈ ಔಷಧಗಳು ಎಂದೂ ಸೋಲುವುದಿಲ್ಲ, ಸೋಲುವುದು ರೋಗಿಯೇ. ಕಾಯಿಲೆಯ ಮೇಲೆ ಅಪರಾಧವನ್ನೂ ಹೊರಿಸಿ ಮನೆಗೆ ಕಳಿಸುತ್ತಾರೆ, ಅದಕ್ಕೂ ದುಡ್ಡು ತೆಗೆದುಕೊಂಡು. ಕೆಲವರಲ್ಲಿ ಸೋರಿಯಾಸಿಸ್ ಕೀಲುಗಳಿಗೆ ಇಳಿಯುತ್ತದೆ. ಅವಳಿಗೆ ಇಳಿಯಿತು. ಈಗ ದೊಡ್ಡಾಸ್ಪತ್ರೆಯಲ್ಲಿ ಸರಿಯಾದ ಔಷಧ ಸಿಗುತ್ತಿದೆ, ಚರ್ಮ ಎಷ್ಟೋ ವಾಸಿ. ಆದರೆ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಸವೆದ ಕೀಲು ಮೊದಲಿನಂತಾಗುವುದಿಲ್ಲ. ಬಾಟಲಿಯ ಮುಚ್ಚಳವನ್ನು ತಮ್ಮನ ಕೈಗೆ ಕೊಡುತ್ತಾಳೆ. ಎರಡು ವರ್ಷ ಹೋಯಿತು. ಇದಕ್ಕೆ ಯಾವ ಪತ್ರಿಕೆಯಲ್ಲಿ, ಎಷ್ಟು ಕಾಲಂ ಕ್ಷಮೆ?

ಆಸ್ಪತ್ರೆಗಳು ಸಾಚಾ ಎಂದು ನಾನೇನೂ ಹೇಳುತ್ತಿಲ್ಲ. ಅಲ್ಲಿನ ಅಂದಾಜು ಬಿಲ್ ನೋಡಿದರೆ ಯಾರಿಗಾದರೂ ಸೇಬಿನ ರಸ ಅಗ್ಗ ಅನ್ನಿಸುತ್ತದೆ. ಓದಿಕೊಂಡ ಒಳ್ಳೆಯ ಆಯುರ್ವೇದ ವೈದ್ಯರು ಈ ಮುಲಾಮು ಪಂಡಿತರಿಂದ ತಲೆ ತಗ್ಗಿಸುವುದನ್ನೂ ಕಂಡಿದ್ದೇನೆ. ಹೇಳಿ ಪ್ರಯೋಜನವಿಲ್ಲ, ಮುಂದಕ್ಕೆ ಹೋಗೋಣ.

ಚಿಕ್ಕಪ್ಪನಿಗೆ ಮರುವರ್ಷದ ಜನವರಿಯಲ್ಲಿ ರಾತ್ರಿ ಎರಡು ಗಂಟೆಗೆ ಬಲಪಕ್ಕೆಯಲ್ಲಿ ನೋವೆದ್ದಿತು. ಬೆಳಿಗ್ಗೆ ಕಣ್ಣು ಅರಿಶಿನ. ಋಷಿಮುನಿಗಳು ಹೊರಹಾಕಿದ ನಲವತ್ತೇಳರಲ್ಲಿ ಇಲ್ಲದ ಒಂದು ಕಲ್ಲು ಪಿತ್ತನಾಳಕ್ಕೆ ಜಾರಿ ಸಿಕ್ಕಿಕೊಂಡಿತ್ತು. ಬಾಯಿಂದ ಟ್ಯೂಬು ಇಳಿಸಿ ಅದನ್ನು ತೆಗೆದರು, ನಾಲ್ಕು ದಿನ ಬಿಟ್ಟು ಪಿತ್ತಕೋಶವನ್ನೂ ತೆಗೆದರು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಮೂರನೆಯ ದಿನ ಮನೆ. ಕೋಶದೊಳಗಿದ್ದ ಇನ್ನೊಂದು ಕಲ್ಲನ್ನು ನರ್ಸ್ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿಕೊಟ್ಟಳು. ಕಂದು ಹಳದಿ, ಗಜ್ಜುಗದಷ್ಟು. ಬಾಟಲಿ ಅಲ್ಲಾಡಿಸಿದರೆ ಕಟಕಟ ಸದ್ದು.

ಚಿಕ್ಕಮ್ಮ ಅದನ್ನು ಫ್ರಿಜ್ಜಿನಲ್ಲಿಡಲು ಬಿಡಲಿಲ್ಲ, ನಡುಮನೆಯ ಶೋಕೇಸಿನಲ್ಲಿ ಬಿಸಿಲು ಬೀಳುವ ಕಡೆ ಇಟ್ಟಿದ್ದಾರೆ. ಮಾರ್ಚ್ ಆಯಿತು, ಏಪ್ರಿಲ್ ಆಯಿತು, ಮೇ ತಿಂಗಳಲ್ಲಿ ಎಷ್ಟೋ ದಿನ ಕರೆಂಟ್ ಇರಲಿಲ್ಲ. ಕಲ್ಲು ಹಾಗೇ ಇದೆ.

ಅಂದ ಹಾಗೆ, ಮೊನ್ನೆ ಐದು ಗಂಟೆಯ ಸಂದೇಶ ಕಳಿಸಿದವರು ಚಿಕ್ಕಪ್ಪನೇ. ಫೋನ್ ಮಾಡಿ ಕೇಳಿದೆ. ‘ನನಗೇನೂ ಪಿತ್ತಕೋಶ ಇಲ್ಲವಲ್ಲಪ್ಪ. ಇರುವವರಿಗೆ ಉಪಯೋಗವಾಗಲಿ ಅಂತ’ ಎಂದರು.