ಅಮ್ಮನ ಬಿಪಿ ಲೆಕ್ಕ

ವಯಸ್ಸಾದವರ ಬಿಪಿ ಎಷ್ಟು ಇಳಿಸಿದರೆ ಅಲ್ಝೈಮರ್ ಅನ್ನುವ ಮರೆವಿನ ಕಾಯಿಲೆ ಅಷ್ಟು ದೂರ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸಲೀಸಲ್ಲ ಸಾರ್. ನಡುವಯಸ್ಸಲ್ಲಿ ಬಿಪಿ ಏರಿಯೇ ಇದ್ದರೆ ಮುಂದೆ ಮರೆವಿನ ಕಾಯಿಲೆಯ ಅಪಾಯ ಜಾಸ್ತಿ, ಅದು ನಿಜ. ಎಂಬತ್ತರ ಹತ್ತಿರ ಲೆಕ್ಕವೇ ಬೇರೆ. ಕಾಯಿಲೆ ಗೊತ್ತಾಗುವ ಕೆಲವು ವರ್ಷ ಮೊದಲೇ ಬಿಪಿ ತಾನಾಗಿ ಇಳಿಯುವುದೂ ಉಂಟು, ಹಾಗಾಗಿ ಕಡಿಮೆ ಬಿಪಿ ನೋಡಿ ಸುಮ್ನೆ ಖುಷಿಪಡುವಂತಿಲ್ಲ. ಅಮೆರಿಕದ ಸ್ಪ್ರಿಂಟ್ ಅನ್ನುವ ಬಿಪಿ ಅಧ್ಯಯನದ ಮರೆವಿನ ಫಲಿತಾಂಶ 2019ರಲ್ಲಿ ಬಂತು, ಅದರಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರ ಒಳಗಿಡುವ ಗುರಿ ಇಟ್ಟುಕೊಂಡವರಲ್ಲಿ ಸಣ್ಣ ಮಟ್ಟದ ಮರೆವು ಕಡಿಮೆ ಕಂಡಿತು. ಆದರೆ ಡಿಮೆನ್ಶಿಯಾ, ಅಂದರೆ ದಿನದ ಬದುಕೇ ಕೆಡುವಷ್ಟು ಮರೆವು, ತಪ್ಪುತ್ತದೆ ಅಂತ ಖಚಿತವಾಗಲಿಲ್ಲ.

ನಮ್ಮ ಮನೆ ತೀರ್ಥಹಳ್ಳಿ ಕಡೆ, ಅಮ್ಮನಿಗೆ 81. ಬೆಳಗ್ಗೆ ಮಾತ್ರೆ ನುಂಗಿದ್ದು ಮರೆತು ಇನ್ನೊಂದು ನುಂಗಿದ್ದಾಳೆ, ಬಚ್ಚಲೊಲೆಗೆ ಬೆಂಕಿ ಹಾಕಿ ಎದ್ದವಳು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದಳು, ಪುಣ್ಯಕ್ಕೆ ಅಡಿಕೆ ಹಾಳೆ ರಾಶಿ ಮೇಲೆ. ಮಲಗಿದಾಗ 138, ಎದ್ದು ನಿಂತಾಗ 104! ಕೂರಿಸಿ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ, ನಿಲ್ಲಿಸಿಯೂ ನೋಡಲು ಹೇಳಿ. ಡಾಕ್ಟರು ಮಾತ್ರೆ ಪ್ರಮಾಣ ಇಳಿಸಿದರು. ಈಗ ವಾರದ ಡಬ್ಬಿಗೆ ಮಾತ್ರೆ ತುಂಬುವುದು ನಾನೇ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಮಾತ್ರ ಎಲ್ಲಿ ಬಚ್ಚಿಟ್ಟರೂ ಹುಡುಕುತ್ತಾಳೆ, ಅದಕ್ಕೆ ಮರೆವಿಲ್ಲ ನೋಡಿ.