ಸಮುದ್ರ ನೋಡಿ ಬಂದಿರಿ, ಅಲ್ಲಿಯ ಊಟ ಉಂಡಿರಾ?

ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಿಂದ ಯಲ್ಲಾಪುರದ ಕಡೆ ಸಾಲುಗಟ್ಟಿ ಹೋಗುವ ಕಾರುಗಳನ್ನು ನೋಡಿದ್ದೀರಿ ಅಲ್ವಾ? ಹೆಚ್ಚಿನವು ಗೋಕರ್ಣಕ್ಕೋ, ಕಾರವಾರಕ್ಕೋ, ಮುರ್ಡೇಶ್ವರಕ್ಕೋ ಹೊರಟಿರುತ್ತವೆ. ಕಲಘಟಗಿ ದಾಟಿ, ಯಲ್ಲಾಪುರದಲ್ಲಿ ಚಹಾ ಕುಡಿದು, ಅರಬೈಲ್ ಘಟ್ಟ ಇಳಿದರೆ ಅಂಕೋಲಾ ಬಂದೇ ಬಿಡುತ್ತದೆ. ಸೋಮವಾರ ಫೋಟೊಗಳ ಸುರಿಮಳೆ. ಓಂ ಬೀಚ್, ಎತ್ತರದ ಶಿವನ ಮೂರ್ತಿ, ಮುಳುಗುವ ಸೂರ್ಯ. ನಾನು ಎಲ್ಲರಿಗೂ ಕೇಳುವುದು ಒಂದೇ ಮಾತು: ಊಟಕ್ಕೆ ಏನು ಮಾಡಿದಿರಿ?

ಗೋಬಿ ಮಂಚೂರಿ. ಪನೀರ್ ಬಟರ್ ಮಸಾಲಾ. ಮಕ್ಕಳಿಗೆ ನೂಡಲ್ಸ್.

ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಇದೆಲ್ಲ ನಮ್ಮ ಹುಬ್ಬಳ್ಳಿಯ ವಿದ್ಯಾನಗರದಲ್ಲೇ ಸಿಗುತ್ತಿತ್ತಲ್ಲ!

ಉತ್ತರ ಕನ್ನಡ ನಮಗೆ ಪರಊರಲ್ಲ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ ಮುಂದೆ ಹೋಗಿ ಬೇಡ್ತಿ ಸೇರುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಎಂಬ ಹೆಸರು ಹೊತ್ತು, ಗೋಕರ್ಣದ ಉತ್ತರಕ್ಕೆ ಕಡಲು ಮುಟ್ಟುತ್ತದೆ. ನಮ್ಮೂರಿನ ಮಳೆನೀರು ಅಲ್ಲಿಗೆ ಹೋಗುತ್ತದೆ. ಒಂದು ಕಾಲಕ್ಕೆ ನಮ್ಮ ಹತ್ತಿಯೂ ಹಾಗೇ ಹೋಗುತ್ತಿತ್ತು. ಬ್ರಿಟಿಷರ ಕಾಲದ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಎಂದು ಹೆಸರಾಗಿದ್ದದ್ದು ಕುಮಟೆಯಲ್ಲಿ ಬೆಳೆದದ್ದಲ್ಲ. ನಮ್ಮ ಧಾರವಾಡ, ಗದಗ ಕಡೆಯ ಎರಿ ಹೊಲದಲ್ಲಿ ಬೆಳೆದದ್ದು. ಹಡಗು ಹತ್ತಿದ ಬಂದರಿನ ಹೆಸರು ಅದಕ್ಕೆ ಅಂಟಿಕೊಂಡಿತು, ಅಷ್ಟೇ. ಇಷ್ಟು ಹಳೆಯ ನಂಟಿರುವ ಊರಿಗೆ ಹೋಗಿ, ಅವರ ಮನೆಯ ಅಡುಗೆ ರುಚಿ ನೋಡದೆ ಬರುವುದು ಹೇಗೆ?

'ನಾವು ಮೀನು ತಿನ್ನೋದಿಲ್ಲ, ಅಲ್ಲಿ ನಮಗೇನಿದೆ' ಎನ್ನುವವರು ಜಾಸ್ತಿ. ನಮ್ಮ ಮನೆಯಲ್ಲೂ ಅವ್ವ ಹಾಗೇ ಅನ್ನುತ್ತಿದ್ದಳು. ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದಳು. ಒಮ್ಮೆ ಶಿರಸಿ ದಾರಿಯಾಗಿ ಕುಮಟೆಗೆ ಇಳಿದೆವು. ಶಿರಸಿ ಹತ್ತಿರ ಗೆಳೆಯರ ಮನೆಯಲ್ಲಿ ಅವಳ ಕೈಗೆ ಒಂದು ಲೋಟ ಅಪ್ಪೆಹುಳಿ ಕೊಟ್ಟರು. ಹುಳಿ ಮಾವಿನಕಾಯಿ ಬೇಯಿಸಿ, ಹಿಂಡಿ, ನೀರಾಗಿ ಮಾಡಿ, ಸಾಸಿವೆ, ಮೆಣಸಿನಕಾಯಿ, ಇಂಗಿನ ಒಗ್ಗರಣೆ ಕೊಟ್ಟದ್ದು. ಅವ್ವ ಎರಡನೇ ಲೋಟ ಕೇಳಿ ಕುಡಿದಳು. ಆಮೇಲೆ ತಂಬುಳಿ, ಕೆಸುವಿನ ಎಲೆಯ ಪತ್ರೊಡೆ. ಕೊನೆಗೆ ತೊಡದೇವು. ಅದನ್ನು ಮಾಡುವುದನ್ನು ನೀವು ನೋಡಲೇಬೇಕು. ಬೋರಲು ಮಡಕೆಯ ಕೆಳಗೆ ಬೆಂಕಿ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲು ಬೆರೆಸಿ, ಬಟ್ಟೆ ಸುತ್ತಿದ ಕೋಲನ್ನು ಅದರಲ್ಲಿ ಅದ್ದಿ, ಬಿಸಿ ಮಡಕೆಯ ಬೆನ್ನ ಮೇಲೆ ಸರ್ರನೆ ಎಳೆಯುತ್ತಾರೆ. ಕಾಗದದಷ್ಟು ತೆಳ್ಳಗೆ ಎದ್ದು ಬರುತ್ತದೆ. ಜೀವನವಿಡೀ ರೊಟ್ಟಿ ಬಡಿದ ಅವ್ವ ಆ ಕೈಚಳಕವನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾ ನಿಂತಳು.

ಮೀನು ತಿನ್ನುವವರಿಗೆ ನನ್ನ ಮಾತು ಬೇರೆ. ಮೆನು ಕಾರ್ಡು ಪಕ್ಕಕ್ಕಿಡಿ. 'ಇವತ್ತು ಏನು ಬಂದಿದೆ?' ಎಂದು ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೊಡ್ಡ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು, ಮರಿಗಳು ಬೆಳೆಯುವ ಸಮಯ ಅದು. ಗೊತ್ತಿಲ್ಲದೆ ಒಂದು ಜುಲೈನಲ್ಲಿ ಒಂದು ಹೋಟೆಲಿನಲ್ಲಿ ದೊಡ್ಡ ಮೀನಿನ ಕರಿ ತರಿಸಿದೆ. ಎಷ್ಟು ದಿನ ಐಸಿನಲ್ಲಿತ್ತೋ, ರುಚಿಯೇ ಇರಲಿಲ್ಲ. ಕೆಂಪು ಮಸಾಲೆ ಮಾತ್ರ ಸುರಿದಿದ್ದರು. ಅದೇ ಸಂಜೆ ಅಂಕೋಲೆಯ ಗೆಳೆಯನ ಮನೆಯಲ್ಲಿ ಒಣಮೀನಿನ ಚಟ್ನಿ, ಬಿಸಿ ಗಂಜಿ ಕೊಟ್ಟರು. ಮಳೆಗಾಲದಲ್ಲಿ ಅವರು ಉಣ್ಣುವುದೇ ಅದು. ಇವತ್ತಿಗೂ ಬಾಯಲ್ಲಿದೆ. ಬಂಗಡೆಯ ಕಾಲದಲ್ಲಿ ಹೋದರೆ ತೆಪ್ಪಳದ ಕಾಯಿ ಹಾಕಿದ ಬಂಗಡೆ ಸಾರು ಕೇಳಿ. ಆ ಕಾಯಿಯ ಘಮ, ನಾಲಿಗೆ ಜುಮ್ಮೆನ್ನುವ ಖಾರ ನಮ್ಮ ಕಡೆ ಯಾವ ಮಸಾಲೆಯಲ್ಲೂ ಇಲ್ಲ. ಮೇಲೊಂದು ಲೋಟ ಮುರುಗಲ (ಕೋಕಂ) ಸಾರು.

ನೋಡುವ ಜಾಗಗಳೂ ಹೀಗೇ. ಗೋಕರ್ಣಕ್ಕೆ ಹೋಗುವಾಗ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ಎಲ್ಲರೂ ಸುಮ್ನೆ ದಾಟಿ ಹೋಗುತ್ತಾರೆ. ಕಾರು ನಿಲ್ಲಿಸಿ, ಮಕ್ಕಳಿಗೆ ತೋರಿಸಿ. ಬಿಸಿಲು ಸಮುದ್ರದ ನೀರನ್ನು ಉಪ್ಪು ಮಾಡುವುದನ್ನು ಅವರು ಕಣ್ಣಾರೆ ನೋಡಲಿ. 1930ರ ಏಪ್ರಿಲ್ 13ರಂದು ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ಮಾಡಿದ ನೆಲ ಹತ್ತಿರದಲ್ಲೇ ಇದೆ ಎಂದು ಹೇಳಿ. ಅಲ್ಲಿಂದ ಮಾಣಿಕಟ್ಟೆ ಕಡೆ ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಎಂಬ ಭತ್ತದ ಗದ್ದೆಗಳಿವೆ, ಅವಕ್ಕೆ ಗಜನಿ ಎನ್ನುತ್ತಾರೆ. ಅಘನಾಶಿನಿ ನದಿಯಲ್ಲಿ ಇಳಿತದ ಹೊತ್ತಿಗೆ ಜನ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಿರುತ್ತಾರೆ. ಮಿರ್ಜಾನ್ ಕೋಟೆಯಲ್ಲಿ ಫೋಟೊ ತೆಗೆಯುವವರು, ಪೋರ್ಚುಗೀಸರು 'ಕಾಳುಮೆಣಸಿನ ರಾಣಿ' ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನೂ ನೆನೆಯಲಿ.

ಹೋಟೆಲಿನವರನ್ನೇ ಬೈಯುವುದು ಸರಿಯಲ್ಲ. 'ನೀವು ಕೇಳಿದ್ದನ್ನು ಮಾಡುತ್ತೇವೆ, ನಮ್ಮ ಮನೆ ಊಟ ಯಾರು ಕೇಳುತ್ತಾರೆ?' ಎಂದು ಒಬ್ಬ ಮಾಲೀಕರು ನನಗೆ ಹೇಳಿದರು. ಅವರ ಮನೆಯಲ್ಲಿ ಆ ದಿನ ಪತ್ರೊಡೆ ಮಾಡಿದ್ದರು. ಅಂಗಡಿಯಲ್ಲಿ ಗೋಬಿ. ಹುಬ್ಬಳ್ಳಿ, ಧಾರವಾಡದಿಂದ ವಾರವಾರ ಹೋಗುವ ನಾವು ಕೇಳತೊಡಗಿದರೆ ಅವರೂ ಮಾಡುತ್ತಾರೆ.

ಬೇಸಿಗೆಯಲ್ಲಿ ಹೋದರೆ ಎರಡು ಸಾಮಾನು ಬಿಡಬೇಡಿ. ಒಂದು, ಅಂಕೋಲೆಯ ಕರಿ ಇಶಾಡ ಮಾವು. 2023ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಿಪ್ಪೆ ತೆಳು, ಒಳಗೆಲ್ಲ ರಸ. ಇನ್ನೊಂದು, ಕುಮಟೆಯ ಸಿಹಿ ಈರುಳ್ಳಿ. ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗು ಹಾಕಿರುತ್ತಾರೆ. ಹೋದ ಮೇ ತಿಂಗಳು ತಂದ ಎರಡು ಜಡೆಗಳನ್ನು ಅವ್ವ ಅಡುಗೆಮನೆಯ ಮೊಳೆಗೆ ಕಟ್ಟಿದ್ದಳು. ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಗುದ್ದಿ ಒಡೆದ ಆ ಹಸಿ ಉಳ್ಳಾಗಡ್ಡಿ. ಮೊದಲ ಜಡೆ ಒಂದು ವಾರವೂ ಬರಲಿಲ್ಲ.